ಸನ್ನಿವೇಲ್ ಪೇಟೆ ಮತ್ತು ಸೋಮವಾರ ಸಂಜೆಯ ಸಭೆ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕ್ಯಾಲ್‌ಟ್ರೇನ್ ಅನ್ನುವ ಲೋಕಲ್ ರೈಲು ಇಳಿದು ರಸ್ತೆ ದಾಟಿದರೆ ಮರ್ಫಿ ಅವೆನ್ಯೂ. ಎರಡೂ ಬದಿಗೆ ಒಂದು, ಎರಡು ಅಂತಸ್ತಿನ ಹಳೇ ಕಟ್ಟಡಗಳು. ಕೆಳಗೆ ಹೋಟೆಲು, ಕಾಫಿ ಅಂಗಡಿ. ಬೀದಿಯಲ್ಲಿ ಕಾರು ಓಡಾಡುವುದಿಲ್ಲ. ಶನಿವಾರ ಬೆಳಿಗ್ಗೆ ಇಲ್ಲಿ ರೈತರ ಸಂತೆ ನಡೆಯುತ್ತದೆ. ಬೇಸಿಗೆಯಲ್ಲಿ ಏಪ್ರಿಕಾಟ್, ಚೆರ್ರಿ, ಪೀಚ್ ರಾಶಿ ಬಿದ್ದಿರುತ್ತವೆ. ನಡೆದುಕೊಂಡೇ ಹೋಗಿ, ಹಣ್ಣು ತರಕಾರಿ ಕೊಂಡು, ಗುರುತಿನವರು ಸಿಕ್ಕರೆ ನಿಂತು ಮಾತಾಡುವಂಥ ಜಾಗ ಈ ಕಡೆ ಬಹಳ ಅಪರೂಪ. ಊರಿಂದ ಯಾರೇ ಬಂದರೂ ಮೊದಲು ಇಲ್ಲಿಗೇ ಕರೆದುಕೊಂಡು ಬರುತ್ತೇನೆ.

ಬಂದವರೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ಪೇಟೆ ಇಷ್ಟೇನಾ? ಹೌದು, ಹಳೇ ಪೇಟೆ ಉಳಿದಿರುವುದು ಒಂದೇ ಒಂದು ಬ್ಲಾಕು. ವಾಷಿಂಗ್ಟನ್ ಅವೆನ್ಯೂ ದಾಟಿದ ಕೂಡಲೇ ಅದು ಮುಗಿದುಹೋಗುತ್ತದೆ. ಆಚೆ ಬದಿಯದೆಲ್ಲ ಹೊಸದು. ಗಾಜಿನ ಆಫೀಸು, ಅಪಾರ್ಟ್‌ಮೆಂಟು, ಸಿನಿಮಾ ಮಂದಿರ, ದೊಡ್ಡ ದಿನಸಿ ಅಂಗಡಿ. ಮಿಕ್ಕ ಹಳೇ ಪೇಟೆಯನ್ನು 1970ರ ದಶಕದಲ್ಲಿ ನಗರವೇ ಮುಂದೆ ನಿಂತು ಕೆಡವಿಸಿತು. ಆ ಜಾಗದಲ್ಲಿ ಮತ್ತೆ ಒಂದು ಪೇಟೆ ಕಟ್ಟಲು ಇಂದಿಗೂ ಒದ್ದಾಡುತ್ತಿದೆ. ಆ ಒದ್ದಾಟದಲ್ಲಿ ಊರಿನ ಸಾಮಾನ್ಯ ಜನ ಕೂತು ಮಾತಾಡುವ ಒಂದು ಸಮಿತಿ ಇದೆ, ಪ್ಲಾನಿಂಗ್ ಕಮಿಷನ್ ಅಂತ. ಕರ್ನಾಟಕದಲ್ಲಿರುವ ನನ್ನ ಗೆಳೆಯರಿಗೆ ಅದರ ಬಗ್ಗೆ ಹೇಳಬೇಕು ಅಂತ ತುಂಬ ದಿನದಿಂದ ಅಂದುಕೊಂಡಿದ್ದೆ.

ಮೊದಲು ಸ್ವಲ್ಪ ಹಿಂದಿನ ಕತೆ. ಐರ್ಲೆಂಡಿನಲ್ಲಿ ಹುಟ್ಟಿದ ಮಾರ್ಟಿನ್ ಮರ್ಫಿ 1844ರಲ್ಲಿ ಗಾಡಿಗಳ ಗುಂಪಿನೊಂದಿಗೆ ಬೆಟ್ಟ ದಾಟಿ ಕ್ಯಾಲಿಫೋರ್ನಿಯಾಗೆ ಬಂದ. 1850ರಲ್ಲಿ ಇಲ್ಲಿ ದೊಡ್ಡ ಜಮೀನು ಕೊಂಡ. 1864ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆಗೆ ರೈಲು ಬಂದಾಗ ಅದು ಅವನ ಜಮೀನಿನ ಮೂಲಕವೇ ಹಾದುಹೋಯಿತು. ಆ ನಿಲ್ದಾಣದ ಸುತ್ತ ಊರು ಬೆಳೆಯಿತು. ಹಣ್ಣಿನ ತೋಟಗಳು, ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಬಂದವು. ಲಿಬ್ಬಿ ಕಂಪನಿಯ ಕಾರ್ಖಾನೆ ಈಗಿಲ್ಲ. ಅದರ ನೀರಿನ ಟ್ಯಾಂಕು ಮಾತ್ರ ಇದೆ, ಹಣ್ಣಿನ ಡಬ್ಬಿಯ ಹಾಗೇ ಬಣ್ಣ ಬಳಿದುಕೊಂಡು ನಿಂತಿದೆ. 1912ರಲ್ಲಿ ಸನ್ನಿವೇಲ್ ಅಧಿಕೃತವಾಗಿ ನಗರವಾಯಿತು. ಅದಕ್ಕೂ ಮೊದಲೇ ಕಬ್ಬಿಣದ ಕಾರ್ಖಾನೆ ಬಂದಿತ್ತು. ಆಮೇಲೆ ಕ್ಷಿಪಣಿ ಕಂಪನಿ, ಕಂಪ್ಯೂಟರ್ ಚಿಪ್, ಸಾಫ್ಟ್‌ವೇರು. ನಮ್ಮವರು ಬಂದದ್ದು ಈ ಕೊನೆಯ ಅಲೆಯಲ್ಲಿ.

ತೋಟಗಳು ಹೋಗಿ ಮನೆಗಳು ಬಂದಾಗ ಜನ ಕಾರಿನಲ್ಲಿ ಓಡಾಡಲು ಶುರು ಮಾಡಿದರು. ಅಕ್ಕಪಕ್ಕದ ಊರುಗಳಲ್ಲಿ ಮಾಲ್‌ಗಳು ಎದ್ದವು. ಹಳೇ ಪೇಟೆಯ ಅಂಗಡಿಗಳಿಗೆ ವ್ಯಾಪಾರ ಇಳಿಯಿತು. ಆಗ ನಗರ ಒಂದು ತೀರ್ಮಾನ ಮಾಡಿತು. ಪೇಟೆಯ ಬಹುಭಾಗ ತೆಗೆದು, ಬೀದಿಗಳನ್ನು ಮುಚ್ಚಿ, ಅಲ್ಲೇ ಒಂದು ಮಾಲ್ ಕಟ್ಟಿಸುವುದು.

ಅದಕ್ಕೆ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ದಾರಿ ಇತ್ತು. ರೀಡೆವಲಪ್‌ಮೆಂಟ್ ಏಜೆನ್ಸಿ ಅಂತ ಒಂದು ವ್ಯವಸ್ಥೆ. ನಗರ ತನ್ನ ಒಂದು ಭಾಗವನ್ನು ‘ಹಾಳುಬಿದ್ದ ಪ್ರದೇಶ’ ಎಂದು ಘೋಷಿಸಬಹುದಿತ್ತು. ಆ ವರ್ಷ ಅಲ್ಲಿಂದ ಬರುತ್ತಿದ್ದ ಆಸ್ತಿ ತೆರಿಗೆ ಎಷ್ಟು ಅಂತ ಗುರುತು ಹಾಕಿಕೊಳ್ಳುತ್ತಿದ್ದರು. ಮುಂದೆ ತೆರಿಗೆ ಅದಕ್ಕಿಂತ ಎಷ್ಟು ಏರಿದರೂ ಆ ಏರಿಕೆ ಬಹುಪಾಲು ಏಜೆನ್ಸಿಗೇ ಹೋಗುತ್ತಿತ್ತು. ಅದನ್ನು ನಂಬಿ ಸಾಲ ಎತ್ತಬಹುದಿತ್ತು. ಬೇಕಾದ ಜಾಗವನ್ನು ಸ್ವಾಧೀನ ಮಾಡಿಕೊಳ್ಳಬಹುದಿತ್ತು. ಕ್ಯಾಲಿಫೋರ್ನಿಯಾದ ಎಷ್ಟೋ ಊರುಗಳ ಹಳೇ ಪೇಟೆ ಹೀಗೇ ಮಾಯವಾಯಿತು. ಆ ತೆರಿಗೆಯಲ್ಲಿ ಶಾಲೆಗಳಿಗೆ ಸೇರಬೇಕಾದ ಪಾಲೂ ಇತ್ತು. ಕೊನೆಗೆ ರಾಜ್ಯಕ್ಕೆ ಹಣದ ಕಷ್ಟ ಬಂದಾಗ, ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ, 2012ರ ಫೆಬ್ರವರಿ 1ರಂದು ರಾಜ್ಯದ ಸುಮಾರು 400 ಏಜೆನ್ಸಿಗಳೂ ಒಟ್ಟಿಗೆ ರದ್ದಾದವು.

ಸನ್ನಿವೇಲ್ ಮಾಲ್ ತೆರೆದದ್ದು 1979ರಲ್ಲಿ. ಮರ್ಫಿ ಅವೆನ್ಯೂ ಒಂದು ಬ್ಲಾಕು ದಾಟಿ ಮಾಲ್‌ನ ಗೋಡೆಗೆ ಬಡಿದು ನಿಂತಿತು. ಮೊದಮೊದಲು ವ್ಯಾಪಾರ ಚೆನ್ನಾಗಿಯೇ ಇತ್ತು. ಇಪ್ಪತ್ತು ವರ್ಷದೊಳಗೆ ಅದಕ್ಕೂ ಮುಪ್ಪು ಬಂತು. 2007ರ ಹೊತ್ತಿಗೆ ಮಾಲ್ ಕೆಡವಿ ಮತ್ತೆ ಬೀದಿ, ಅಂಗಡಿ, ಮನೆ, ಆಫೀಸು ಕಟ್ಟುವ ಕೆಲಸ ಶುರುವಾಯಿತು. ಅಷ್ಟರಲ್ಲಿ ಆರ್ಥಿಕ ಕುಸಿತ. 2009ರಲ್ಲಿ ಸಾಲದ ಕಂತು ನಿಂತಿತು, ಕೆಲಸವೂ ನಿಂತಿತು. ಕಟ್ಟುತ್ತಿದ್ದವರಿಗೂ ಸಾಲ ಕೊಟ್ಟ ಬ್ಯಾಂಕಿಗೂ ವ್ಯಾಜ್ಯ. ಅದು ವರ್ಷಗಟ್ಟಲೆ ಎಳೆಯಿತು.

ನಾನು ಈ ಊರಿಗೆ ಬಂದದ್ದು ಆ ಕಾಲದಲ್ಲಿ. ರೈಲು ನಿಲ್ದಾಣದ ಹತ್ತಿರ ಬಾಡಿಗೆ ಮನೆ. ದಿನಾ ಆ ಬೇಲಿಯ ಪಕ್ಕವೇ ನಡೆದು ಹೋಗುತ್ತಿದ್ದೆ. ಒಳಗೆ ಅರ್ಧ ಎದ್ದ ಉಕ್ಕಿನ ಚೌಕಟ್ಟುಗಳು ತುಕ್ಕು ಹಿಡಿದು ನಿಂತಿದ್ದವು. ಸುತ್ತಲೂ ಭೂಮಿಯ ಬೆಲೆ ಗಗನಕ್ಕೆ ಏರುತ್ತಿತ್ತು. ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳು ಪಕ್ಕದಲ್ಲೇ ಇದ್ದವು. ಊರಿನ ನಟ್ಟನಡುವೆ ಮಾತ್ರ ಖಾಲಿ ಹೊಲ. ಹಳೇ ಪೇಟೆಯನ್ನು ನೋಡಿದ್ದ ಹಿರಿಯರು ಇನ್ನೂ ಇದ್ದರು. ಅವರ ಸಿಟ್ಟು ನನಗೆ ಆಗ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ. ಈಗ ಆಗುತ್ತದೆ.

2016ರ ಕೊನೆಯ ಹೊತ್ತಿಗೆ ಜಾಗ ಹೊಸ ಮಾಲೀಕರ ಕೈಗೆ ಹೋಯಿತು. ಅದಕ್ಕೀಗ ಸಿಟಿಲೈನ್ ಅಂತ ಹೆಸರು. 2020ರಲ್ಲಿ ದಿನಸಿ ಅಂಗಡಿ, ಸಿನಿಮಾ ಮಂದಿರ ತೆರೆದವು. ಅದೇ ವರ್ಷ ಆಗಸ್ಟಿನಲ್ಲಿ ಡೌನ್‌ಟೌನ್‌ನ, ಅಂದರೆ ಈ ಪೇಟೆ ಪ್ರದೇಶದ, ಮೂಲ ಯೋಜನೆಯನ್ನೇ ಸಿಟಿ ಕೌನ್ಸಿಲ್ (ಇಲ್ಲಿನ ಚುನಾಯಿತ ನಗರಸಭೆ) ತಿದ್ದಿತು. ಇನ್ನೂ ಎತ್ತರದ ಆಫೀಸುಗಳಿಗೆ, ಇನ್ನೂ ಜಾಸ್ತಿ ಮನೆಗಳಿಗೆ ಅವಕಾಶ ಸಿಕ್ಕಿತು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬೀದಿಗಳು. ಮಾಲ್ ನುಂಗಿದ್ದ ಮರ್ಫಿ ಅವೆನ್ಯೂವನ್ನು ಮತ್ತೆ ದಕ್ಷಿಣಕ್ಕೆ ಎಳೆದು ಮೆಕಿನ್ಲಿ ಅವೆನ್ಯೂಗೆ ಕೂಡಿಸಿದರು. ಹಳೇ ರೆಡ್‌ವುಡ್ ಮರಗಳ ಒಂದು ಗುಂಪನ್ನು ಉಳಿಸಿಕೊಂಡು ಅದರ ಸುತ್ತ ಚೌಕ ಮಾಡಿದರು. ಸಂಜೆ ಅಲ್ಲಿ ಮಕ್ಕಳು ಆಡುತ್ತವೆ.

ಇನ್ನು ಆ ಕಮಿಷನ್ ಬಗ್ಗೆ. ಒಂದು ದಿನ ನಮ್ಮ ಮನೆಗೆ ಅಂಚೆಯಲ್ಲಿ ಒಂದು ಕಾರ್ಡು ಬಂತು. ಹತ್ತಿರದಲ್ಲಿ ಒಂದು ಅಪಾರ್ಟ್‌ಮೆಂಟು ಕಟ್ಟಡ ಬರಲಿದೆ, ಇಂಥ ದಿನ ಸಾರ್ವಜನಿಕ ವಿಚಾರಣೆ ಇದೆ, ಬಂದು ಮಾತಾಡಬಹುದು ಅಂತ. ಬಾಡಿಗೆಗೆ ಇರುವ ನನ್ನ ಮಾತು ಯಾರಿಗೆ ಬೇಕು ಅನಿಸಿತು. ಆದರೂ ಹೋದೆ. ಸಭೆ ಸೋಮವಾರ ಸಂಜೆ ಏಳಕ್ಕೆ, ಸಿಟಿ ಹಾಲ್‌ನಲ್ಲಿ. ತಿಂಗಳಲ್ಲಿ ಎರಡನೇ, ನಾಲ್ಕನೇ ಸೋಮವಾರ ಸೇರುತ್ತಾರೆ.

ಕಮಿಷನ್‌ನಲ್ಲಿ ಏಳು ಜನ. ಎಲ್ಲರೂ ಈ ಊರಿನ ನಿವಾಸಿಗಳು. ಅರ್ಜಿ ಹಾಕಿ, ಕೌನ್ಸಿಲ್ ಎದುರು ಸಂದರ್ಶನ ಕೊಟ್ಟು, ನೇಮಕವಾಗಿ ಬಂದವರು. ಒಂದು ಅವಧಿ ನಾಲ್ಕು ವರ್ಷ. ಹಗಲು ಬೇರೆ ಉದ್ಯೋಗ ಮಾಡಿ ಸಂಜೆ ಇಲ್ಲಿಗೆ ಬರುತ್ತಾರೆ. ಪ್ರತಿ ಸಭೆಗೂ ನೂರಾರು ಪುಟಗಳ ವರದಿ ಓದಿಕೊಂಡು ಬರಬೇಕು. ನಕ್ಷೆ, ನೆರಳಿನ ಲೆಕ್ಕ, ವಾಹನ ಸಂಚಾರದ ಅಂದಾಜು, ಯಾವ ಮರ ಉಳಿಯುತ್ತದೆ, ಯಾವುದು ಹೋಗುತ್ತದೆ, ಎಲ್ಲವೂ ಅದರಲ್ಲಿ ಇರುತ್ತದೆ. ಆ ವರದಿಯನ್ನು ನಗರದ ಪ್ಲಾನಿಂಗ್ ಸಿಬ್ಬಂದಿ ಬರೆಯುತ್ತಾರೆ. ಅದನ್ನು ನಾವೂ ಓದಬಹುದು.

ಇವರ ಅಧಿಕಾರ ಎಷ್ಟು ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕೆಲವು ಕಟ್ಟಡಗಳ ಪರವಾನಗಿಯನ್ನು ಕಮಿಷನ್ನೇ ತೀರ್ಮಾನಿಸುತ್ತದೆ. ಒಪ್ಪದವರು ಕೌನ್ಸಿಲ್‌ಗೆ ಮೇಲ್ಮನವಿ ಹಾಕಬಹುದು. ಆದರೆ ಊರಿನ ಮಾಸ್ಟರ್ ಪ್ಲಾನ್ ಬದಲಾಯಿಸುವುದು, ಡೌನ್‌ಟೌನ್ ಯೋಜನೆ ತಿದ್ದುವುದು, ಜೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ) ಬದಲಾಯಿಸುವುದು, ಇಂಥ ದೊಡ್ಡ ವಿಷಯಗಳಲ್ಲಿ ಅದು ಸಲಹೆ ಮಾತ್ರ ಕೊಡುತ್ತದೆ. ಕೊನೆಯ ಮಾತು ಕೌನ್ಸಿಲ್‌ನದು. ಹಾಗಂತ ಕಮಿಷನ್ನನ್ನು ದಾಟಿಕೊಂಡು ಕೌನ್ಸಿಲ್ ಮುಂದಕ್ಕೆ ಹೋಗುವ ಹಾಗಿಲ್ಲ. ಮೊದಲು ಇಲ್ಲಿ ವಿಚಾರಣೆ ಆಗಬೇಕು, ಲಿಖಿತ ಸಲಹೆ ಹೋಗಬೇಕು ಅಂತ ರಾಜ್ಯದ ಕಾನೂನೇ ಹೇಳುತ್ತದೆ.

ಬರೀ ಸಲಹೆ ಅಲ್ವಾ, ಅದರಿಂದ ಏನಾಗುತ್ತದೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಕೂತು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಕಾರಣ ಹೇಳುತ್ತೇನೆ.

ಸಭೆ ನಡೆಯುವ ಕ್ರಮ ಹೀಗಿರುತ್ತದೆ. ಮೊದಲು ಸಿಬ್ಬಂದಿ ವಿಷಯ ಮಂಡಿಸುತ್ತಾರೆ. ಕಮಿಷನ್ ಸದಸ್ಯರು ಪ್ರಶ್ನೆ ಕೇಳುತ್ತಾರೆ. ಆಮೇಲೆ ಕಟ್ಟುವವರು, ಅವರ ಆರ್ಕಿಟೆಕ್ಟ್ ಬಂದು ತಮ್ಮ ಚಿತ್ರಗಳನ್ನು ತೋರಿಸುತ್ತಾರೆ. ಆಮೇಲೆ ಜನ. ಒಬ್ಬೊಬ್ಬರಿಗೆ ಸಾಮಾನ್ಯವಾಗಿ ಮೂರು ನಿಮಿಷ. ಎಲ್ಲ ಮುಗಿದ ಮೇಲೆ ವಿಚಾರಣೆ ಮುಚ್ಚಿ, ಏಳು ಜನರೂ ನಮ್ಮ ಎದುರೇ ಚರ್ಚೆ ಮಾಡುತ್ತಾರೆ. ಒಬ್ಬೊಬ್ಬರೂ ತಾನು ಯಾಕೆ ಹೌದು, ಯಾಕೆ ಅಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಿ ಮತ ಹಾಕುತ್ತಾರೆ. ಒಳಕೋಣೆಯ ಮಾತು ಇಲ್ಲ. ಸಭೆಯ ಹೊರಗೆ ಬಹುಮತದಷ್ಟು ಸದಸ್ಯರು ತಮ್ಮ ತಮ್ಮಲ್ಲೇ ವಿಷಯ ಮಾತಾಡಿ ತೀರ್ಮಾನಕ್ಕೆ ಬರುವುದೇ ಕಾನೂನಿಗೆ ವಿರುದ್ಧ. ಬ್ರೌನ್ ಆಕ್ಟ್ ಅಂತ, 1953ರ ಕಾನೂನು. ಸಭೆಗೆ 72 ಗಂಟೆ ಮೊದಲು ಅಜೆಂಡಾ ಹೊರಗೆ ಬರಬೇಕು. ಅದರಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವ ಹಾಗಿಲ್ಲ. ಸಭೆಗೆ ಬಂದವರು ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಯಾವ ದೇಶದವರು, ಯಾವ ವೀಸಾ, ಮನೆ ಸ್ವಂತದ್ದಾ ಬಾಡಿಗೆಯಾ ಅಂತ ಯಾರೂ ಕೇಳುವುದಿಲ್ಲ.

ಸದಸ್ಯರ ಮೇಲೂ ಕಟ್ಟುಪಾಡು ಇದೆ. ತಮ್ಮ ಆಸ್ತಿ, ಆದಾಯದ ಮೂಲಗಳನ್ನು ಪ್ರತಿ ವರ್ಷ ಬರೆದು ಕೊಡಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ತಮ್ಮ ಸ್ವಂತ ಆಸ್ತಿಯಿಂದ 500 ಅಡಿಯೊಳಗಿನ ಯೋಜನೆ ಬಂದರೆ ಸಾಮಾನ್ಯವಾಗಿ ಅವರು ಅದರಿಂದ ದೂರ ಇರಬೇಕು. ಕಾರಣ ಹೇಳಿ ಎದ್ದು ಹೊರಗೆ ಹೋಗುತ್ತಾರೆ, ಆ ವಿಷಯ ಮುಗಿದ ಮೇಲೆ ಬಂದು ಕೂರುತ್ತಾರೆ. ನಿಯಮ ಇದೆ ಅನ್ನುವುದಕ್ಕಿಂತ, ಅದನ್ನು ಮಾಡುವುದು ಅಷ್ಟು ಸಹಜವಾಗಿದೆ ಅನ್ನುವುದು ನನಗೆ ದೊಡ್ಡದಾಗಿ ಕಂಡಿತು. ಯಾರ ಮುಖದಲ್ಲೂ ಮುಜುಗರ ಇರುವುದಿಲ್ಲ.

ಮತ್ತೆ ಆ ಸಲಹೆಯ ಪ್ರಶ್ನೆ. ಒಂದು ಯೋಜನೆಗೆ ಒಪ್ಪಿಗೆ ಕೊಡುವಾಗ ಜೊತೆಗೆ ಷರತ್ತುಗಳ ಪಟ್ಟಿ ಇರುತ್ತದೆ. ಕೆಲಸ ಎಷ್ಟು ಗಂಟೆಗೆ ಶುರು ಮಾಡಬಹುದು, ಧೂಳು ಹೇಗೆ ತಡೆಯಬೇಕು, ಯಾವ ಮರದ ಸುತ್ತ ಎಷ್ಟು ದೂರ ಬೇಲಿ ಹಾಕಬೇಕು, ಫುಟ್‌ಪಾತ್ ಎಷ್ಟು ಅಗಲ, ಕಸದ ಲಾರಿ ಯಾವ ಕಡೆಯಿಂದ ಬರಬೇಕು. ಕೇಳಲು ಸಣ್ಣ ವಿಷಯ. ಆದರೆ ಅಲ್ಲಿ ಬದುಕುವವರಿಗೆ ಇದೇ ಎಲ್ಲ. ಸಂಜೆ ಏಳರಿಂದ ರಾತ್ರಿ ಹತ್ತು, ಹನ್ನೊಂದರವರೆಗೆ ಕೂತು ಆ ಪಟ್ಟಿಗೆ ಒಂದು ಸಾಲು ಸೇರಿಸಿದರೆ, ಆ ಸಾಲು ಕಟ್ಟಡದ ಜೊತೆ ಐವತ್ತು ವರ್ಷ ಇರುತ್ತದೆ. 1970ರ ದಶಕದಲ್ಲಿ ಮಾಲ್‌ಗಾಗಿ ಬೀದಿಗಳನ್ನು ಮುಚ್ಚಿದರಲ್ಲ, ಆಗ ಬೀದಿ ಹೋದರೆ ಏನಾಗುತ್ತದೆ ಅನ್ನುವ ಸಣ್ಣ ಪ್ರಶ್ನೆಯನ್ನು ಮಾಲ್ ಬೇಕು ಅನ್ನುವ ದೊಡ್ಡ ಆಸೆ ನುಂಗಿಹಾಕಿತು. ನನಗೆ ಅನಿಸುವುದು ಹೀಗೆ. ಪೇಟೆ ಉಳಿಯುವುದು ಸಣ್ಣ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳುವ ಜಾಗ ಇದ್ದಾಗ ಮಾತ್ರ.

ಜಗಳಗಳೂ ಇವೆ, ಖಂಡಿತ. ಅತಿ ದೊಡ್ಡ ಜಗಳ ಎತ್ತರದ್ದು. ಹಳೇ ನಿವಾಸಿಗಳಲ್ಲಿ ಅನೇಕರಿಗೆ ಏಳೆಂಟು ಅಂತಸ್ತು ಅಂದರೆ ಎದೆ ನಡುಗುತ್ತದೆ. ನಮ್ಮ ಊರಿನ ಗುಣ ಹೋಯಿತು ಅನ್ನುತ್ತಾರೆ. ಅವರ ನೋವು ನಿಜ. ಆದರೆ ನಾನು ಅವರ ಪಕ್ಷ ಅಲ್ಲ. ಈ ಊರನ್ನು ಕೆಡಿಸಿದ್ದು ಎತ್ತರವಲ್ಲ, ಬೀದಿಯನ್ನು ಮುಚ್ಚಿದ ಗೋಡೆ, ಸುತ್ತಲಿನ ಪಾರ್ಕಿಂಗ್ ಬಯಲು. ರೈಲು ನಿಲ್ದಾಣದ ಪಕ್ಕದಲ್ಲಿ ಮನೆ ಕಟ್ಟದೆ ಇನ್ನೆಲ್ಲಿ ಕಟ್ಟಬೇಕು? 2024ರ ಸೆಪ್ಟೆಂಬರಿನಿಂದ ಕ್ಯಾಲ್‌ಟ್ರೇನ್ ಕರೆಂಟಿನಲ್ಲಿ ಓಡುತ್ತಿದೆ. ರೈಲುಗಳು ಹೆಚ್ಚಾಗಿವೆ, ಸದ್ದು ಕಡಿಮೆಯಾಗಿದೆ. ಇಲ್ಲಿ ಅಂಗಡಿಯಲ್ಲಿ ಕೆಲಸ ಮಾಡುವವರು, ಶಾಲೆಯಲ್ಲಿ ಪಾಠ ಹೇಳುವವರು ಎಷ್ಟೋ ದೂರದಿಂದ ಬಂದು ಹೋಗುತ್ತಾರೆ. ಅವರಿಗೆ ಇಲ್ಲಿನ ಬಾಡಿಗೆ ಕೊಡಲು ಆಗುವುದಿಲ್ಲ. 2023ರಿಂದ 2031ರೊಳಗೆ ಸುಮಾರು 12,000 ಹೊಸ ಮನೆಗಳಿಗೆ ಜಾಗ ತೋರಿಸಬೇಕು ಅಂತ ಸನ್ನಿವೇಲ್‌ಗೆ ಪಾಲು ಹಂಚಿದ್ದಾರೆ. ಊರಿನ ಜನಸಂಖ್ಯೆ 2020ರ ಗಣತಿಯಲ್ಲಿ 1,55,805. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒತ್ತಡ ಗೊತ್ತಾಗುತ್ತದೆ.

ಈ ಒತ್ತಡದಿಂದಾಗಿ ರಾಜ್ಯ ಸರ್ಕಾರ ಕಮಿಷನ್‌ಗಳ ಕೈಯನ್ನು ಒಂದಷ್ಟು ಕಟ್ಟಿದೆ. 2019ರ ಒಂದು ಕಾನೂನಿನ ಪ್ರಕಾರ, ನಿಯಮಕ್ಕೆ ಸರಿಯಾಗಿರುವ ವಸತಿ ಯೋಜನೆಗೆ ಐದಕ್ಕಿಂತ ಹೆಚ್ಚು ವಿಚಾರಣೆ ನಡೆಸುವಂತಿಲ್ಲ. 2022ರ ಇನ್ನೊಂದು ಕಾನೂನು, ರೈಲು ನಿಲ್ದಾಣದಂಥ ಪ್ರಮುಖ ಸಾರಿಗೆ ತಾಣಗಳಿಂದ ಅರ್ಧ ಮೈಲಿಯೊಳಗೆ ಇಷ್ಟು ಪಾರ್ಕಿಂಗ್ ಇರಲೇಬೇಕು ಅಂತ ನಗರಗಳು ಒತ್ತಾಯಿಸುವುದನ್ನೇ ಸಾಮಾನ್ಯವಾಗಿ ನಿಲ್ಲಿಸಿತು. ‘ಚೆನ್ನಾಗಿ ಕಾಣುವುದಿಲ್ಲ’ ಅನ್ನುವ ಕಾರಣಕ್ಕೆ ಮನೆಗಳನ್ನು ತಡೆಯುವುದು ಈಗ ಕಷ್ಟ. ಅಳೆಯಬಹುದಾದ, ಮೊದಲೇ ಬರೆದಿಟ್ಟ ನಿಯಮ ಬೇಕು. ಇದರಿಂದ ಕೆಲವು ಸದಸ್ಯರಿಗೆ ಬೇಸರವಿದೆ. ನಾವು ಇಲ್ಲಿ ಸುಮ್ನೆ ಕೂತಿರುವುದಾ ಅನ್ನುವ ಧಾಟಿಯ ಮಾತು ಕೇಳಿದ್ದೇನೆ. ನನಗೆ ಮಾತ್ರ ಇದು ಬಹುಮಟ್ಟಿಗೆ ಸರಿ ಅನಿಸುತ್ತದೆ. ಯಾಕೆಂದರೆ ಸೋಮವಾರ ಸಂಜೆ ಏಳಕ್ಕೆ ಬರುವವರು ಯಾರು? ಹೆಚ್ಚಾಗಿ ಸ್ವಂತ ಮನೆ ಇರುವವರು, ನಿವೃತ್ತರು. ಮರ್ಫಿ ಬೀದಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಆ ಹೊತ್ತಿನಲ್ಲಿ ಕೆಲಸದಲ್ಲಿರುತ್ತಾರೆ. ಇನ್ನೂ ಕಟ್ಟದ ಮನೆಯಲ್ಲಿ ಮುಂದೆ ವಾಸ ಮಾಡಲಿರುವವರು ಬಂದು ಮಾತಾಡಲು ಸಾಧ್ಯವೇ ಇಲ್ಲ. ಕೇಳಿಸದ ಆ ದನಿಗಳಿಗೂ ಲೆಕ್ಕದಲ್ಲಿ ಜಾಗ ಬೇಕು.

ಪ್ಲಾನಿಂಗ್ ಕಮಿಷನ್ ಒಂದೇ ಅಲ್ಲ. ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಹೆರಿಟೇಜ್ ಕಮಿಷನ್ ಬೇರೆ ಇದೆ. ಮರ್ಫಿ ಅವೆನ್ಯೂವಿನ ಉಳಿದ ಆ ಬ್ಲಾಕು ಪಾರಂಪರಿಕ ಪ್ರದೇಶ. ಅಲ್ಲಿ ಅಂಗಡಿಯ ಮುಂಭಾಗ ಬದಲಾಯಿಸಬೇಕು ಅಂದರೂ ಪರಿಶೀಲನೆ ಇದೆ. ಸೈಕಲ್ ಮತ್ತು ಪಾದಚಾರಿಗಳ ಸಲಹಾ ಕಮಿಷನ್ ಕೂಡ ಇದೆ. 2020ರಲ್ಲಿ ಕೋವಿಡ್ ಬಂದಾಗ ಹೋಟೆಲುಗಳು ಹೊರಗೆ ಮೇಜು ಹಾಕಿಕೊಳ್ಳಲಿ ಅಂತ ಮರ್ಫಿ ಬೀದಿಗೆ ಕಾರು ಬಿಡುವುದನ್ನು ನಿಲ್ಲಿಸಿದರು. ಜನಕ್ಕೆ ಎಷ್ಟು ಹಿಡಿಸಿತು ಅಂದರೆ ಆಮೇಲೆ ಅದು ಕಾಲ್ನಡಿಗೆಯ ಬೀದಿಯಾಗಿಯೇ ಉಳಿಯಿತು. ಅದೇ ವರ್ಷದ ಕೊನೆಗೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲೂ ವಾರಾಂತ್ಯದಲ್ಲಿ ವಾಹನ ನಿಲ್ಲಿಸಿದ್ದರು, ನೆನಪಿರಬಹುದು. ಅಲ್ಲಿ ಕೆಲವು ತಿಂಗಳಿಗೆ ಅದು ಮುಗಿಯಿತು.

ನಾನು ಮೈಸೂರಿನವನು. ಇಲ್ಲಿ ಕೂತು ಈ ಚರ್ಚೆಗಳನ್ನು ಕೇಳುವಾಗ ದೇವರಾಜ ಮಾರುಕಟ್ಟೆ ಮನಸ್ಸಿನಲ್ಲಿ ಬರದೇ ಇರುವುದಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಅಂದಿನಿಂದ ಕೆಡವಿ ಕಟ್ಟಬೇಕೋ, ಇರುವುದನ್ನೇ ಗಟ್ಟಿ ಮಾಡಬೇಕೋ ಅನ್ನುವ ವಾದ. ಪಾರಂಪರಿಕ ಸಮಿತಿ, ತಜ್ಞರ ವರದಿ, ಪಾಲಿಕೆ, ಬಾಡಿಗೆದಾರರು, ಅರಮನೆಯ ಕಡೆಯವರು, ಕೊನೆಗೆ ಹೈಕೋರ್ಟು. ಕಟ್ಟಡದ ಸ್ಥಿತಿಯ ಬಗ್ಗೆ ತೀರ್ಪು ಕೊಡುವಷ್ಟು ಎಂಜಿನಿಯರಿಂಗ್ ನನಗೆ ಗೊತ್ತಿಲ್ಲ. ಆದರೆ ಒಂದು ಪ್ರಶ್ನೆ ಕಾಡುತ್ತದೆ. ಅಲ್ಲಿ ಹೂ ಕಟ್ಟುವ ಹೆಂಗಸು, ಬಾಳೆಹಣ್ಣಿನ ಅಂಗಡಿಯವರು, ವೀಳ್ಯದೆಲೆ ಮಾರುವವರು, ದಿನಾ ಚಿಕ್ಕ ಗಡಿಯಾರದ ಹತ್ತಿರ ಬಸ್ಸಿಳಿದು ಬರುವ ಗಿರಾಕಿಗಳು, ಇವರೆಲ್ಲ ನಕ್ಷೆಯನ್ನು ಎದುರಿಗೆ ಇಟ್ಟುಕೊಂಡು, ಒಬ್ಬೊಬ್ಬರು ಮೂರು ನಿಮಿಷ, ಕಡತಕ್ಕೆ ಸೇರುವ ಹಾಗೆ ಮಾತಾಡಿದ್ದು ಎಲ್ಲಿ? ಹೋರಾಟ ಮಾಡಿದವರು ಇದ್ದರು, ಪತ್ರಿಕೆಗೆ ಬರೆದವರು ಇದ್ದರು. ಅವರಿಗೆಲ್ಲ ನನ್ನ ಗೌರವ ಇದೆ. ಆದರೆ ಕೋರ್ಟಿಗೆ ಹೋಗುವ ಮೊದಲು, ತೀರ್ಮಾನ ಆಗುವ ಮೊದಲು, ಕೂತು ಕೇಳಿಸಿಕೊಳ್ಳುವ ಒಂದು ಖಾಯಂ ಜಾಗ ಬೇಕು.

ಅಂಥದ್ದಕ್ಕೆ ನಮ್ಮಲ್ಲೂ ಬುನಾದಿ ಇದೆ. ಸಂವಿಧಾನದ 74ನೇ ತಿದ್ದುಪಡಿ 1992ರದು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರುಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು ಅಂತ ಅದು ಹೇಳುತ್ತದೆ. ಸನ್ನಿವೇಲ್ ಅದರ ಅರ್ಧದಷ್ಟು ಊರು. ಇಷ್ಟು ಸಣ್ಣ ಊರಿನಲ್ಲಿ ಇಷ್ಟೆಲ್ಲ ಸಾಧ್ಯ ಆಗುವಾಗ ಮೈಸೂರಿನಂಥ ಊರಿನಲ್ಲಿ ಆಗುವುದಿಲ್ಲ ಅನ್ನಲು ಕಾರಣ ಕಾಣುವುದಿಲ್ಲ. ಬೆಂಗಳೂರಿನ ಕೆಲವು ವಾರ್ಡುಗಳಲ್ಲಿ ಜನ ಹಠ ಹಿಡಿದು ತಿಂಗಳ ಸಭೆ ನಡೆಸಿದ್ದನ್ನು ಗೆಳೆಯರು ಹೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕಳೆದ ಸಲ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿದ್ದರು. ಇಲ್ಲಿಗೆ ಬರುವ ನಮ್ಮ ಹಿರಿಯರ ಕಷ್ಟ ಎಲ್ಲರಿಗೂ ಗೊತ್ತು. ಕಾರು ಓಡಿಸಲು ಬರುವುದಿಲ್ಲ. ಮಕ್ಕಳು ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಹಗಲೆಲ್ಲ ಮನೆಯೊಳಗೆ. ಟೀವಿ, ಫೋನು, ಕಿಟಕಿ. ಎಷ್ಟೋ ಜನ ಎರಡೇ ತಿಂಗಳಿಗೆ ವಾಪಸ್ ಕಳಿಸಿಬಿಡಪ್ಪ ಅನ್ನುತ್ತಾರೆ. ನಮ್ಮವರು ಹಾಗೆ ಅನ್ನಲಿಲ್ಲ. ಕಾರಣ ಈ ಡೌನ್‌ಟೌನ್. ತಿಂಡಿ ಮುಗಿಸಿ ಇಬ್ಬರೂ ನಡೆದು ಹೊರಡುತ್ತಿದ್ದರು. ನಿಲ್ದಾಣದಲ್ಲಿ ರೈಲು ನೋಡುವುದು, ಮರ್ಫಿ ಬೀದಿ ದಾಟಿ ರೆಡ್‌ವುಡ್ ಮರಗಳ ಹತ್ತಿರ ಕೂರುವುದು, ಅಲ್ಲಿ ಇನ್ನೊಂದು ತೆಲುಗು ದಂಪತಿ, ಒಬ್ಬ ಚೀನೀ ಅಜ್ಜಿ ಇವರಿಗೆ ಗೆಳೆಯರು. ಭಾಷೆ ಬರದಿದ್ದರೂ ಆ ಅಜ್ಜಿಯ ಮೊಮ್ಮಗುವಿನ ಹೆಸರು ಅಮ್ಮನಿಗೆ ಗೊತ್ತಿತ್ತು.

ಅಪ್ಪನಿಗೆ ಮಂಡಿ ನೋವು. ಒಂದು ದಿನ ಹೇಳಿದರು, “ಎಲ್ಲ ಚೆನ್ನಾಗಿದೆ ಕಣೋ. ಆದರೆ ಮನೆಯಿಂದ ಆ ಮರದ ಹತ್ತಿರ ಹೋಗೋವರೆಗೂ ಕೂತ್ಕೊಳ್ಳೋಕೆ ಒಂದು ಬೆಂಚಿಲ್ಲ. ಬಿಸಿಲಿಗೆ ನೆರಳೂ ಇಲ್ಲ. ಹೋಟೆಲಿನ ಕುರ್ಚಿ ಮೇಲೆ ಸುಮ್ನೆ ಕೂತ್ರೆ ಏನಾದ್ರೂ ತಗೋಬೇಕಲ್ವಾ?”

ಇದನ್ನೇ ನಾನು ಕಮಿಷನ್ ಎದುರು ಹೇಳಿದೆ. ಹೊಸದೊಂದು ಕಟ್ಟಡದ ವಿಚಾರಣೆ ಇತ್ತು. ಎತ್ತರ ಜಾಸ್ತಿಯಾಯಿತು ಅಂತ ಹೇಳುವವರು ಹೇಳಿದರು. ನನ್ನ ಸರದಿ ಬಂದಾಗ, ಎತ್ತರ ನನಗೆ ತೊಂದರೆ ಇಲ್ಲ, ಆದರೆ ಕೆಳಗೆ ನಡೆಯುವ ಎಪ್ಪತ್ತು ವರ್ಷದವರಿಗೆ ಏನಿದೆ ಅಂತ ಕೇಳಿದೆ. ದುಡ್ಡು ಕೊಡದೆ ಕೂರಬಹುದಾದ ಜಾಗ ಎಷ್ಟು ಹೆಜ್ಜೆಗೆ ಒಂದು ಸಿಗುತ್ತದೆ? ಹೊಸ ಸಸಿಗಳು ನೆರಳು ಕೊಡಲು ಹತ್ತು ವರ್ಷ ಬೇಕು, ಅಲ್ಲಿಯವರೆಗೆ ಏನು? ಅಪ್ಪನ ಮಂಡಿ ನೋವಿನ ವಿಷಯವನ್ನೂ ಹೇಳಿದೆ. ನನ್ನ ಇಂಗ್ಲಿಷು ತಡವರಿಸಿದಾಗ ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಚರ್ಚೆಯಲ್ಲಿ ಒಬ್ಬ ಸದಸ್ಯರು ಅದನ್ನು ಎತ್ತಿಕೊಂಡರು. ಕಟ್ಟಡದ ಮುಂದಿನ ಫುಟ್‌ಪಾತ್‌ನಲ್ಲಿ ಆಸನ ಎಲ್ಲಿ ಬರುತ್ತದೆ ಅಂತ ಸಿಬ್ಬಂದಿಯನ್ನು ಕೇಳಿದರು. ನಕ್ಷೆಯಲ್ಲಿ ತೋರಿಸಿದರು, ಇತ್ತು, ಆದರೆ ಕಡಿಮೆ. ಮುಂದಿನ ವಿನ್ಯಾಸದ ಹಂತದಲ್ಲಿ ಇದನ್ನು ಗಮನಿಸಬೇಕು ಅಂತ ಮಾತು ದಾಖಲಾಯಿತು. ಬೆಂಚು ಬಂದೇ ಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. ಒಂದು ಕಟ್ಟಡದ ಮುಂದೆ ಬಂದರೂ ಉಳಿದ ದಾರಿ ಹಾಗೇ ಇರುತ್ತದೆ. ಅದಕ್ಕೆ ಬೇರೆ ದಾರಿ ಹಿಡಿಯಬೇಕು ಅಂತ ಸಭೆ ಮುಗಿದ ಮೇಲೆ ಒಬ್ಬರು ಹೇಳಿಕೊಟ್ಟರು.

ಅದು ಹೀಗಿದೆ. ಸನ್ನಿವೇಲ್‌ನಲ್ಲಿ ಪ್ರತಿ ವರ್ಷ ‘ಸ್ಟಡಿ ಇಶ್ಯೂ’ ಅಂತ ಒಂದು ಪ್ರಕ್ರಿಯೆ ನಡೆಯುತ್ತದೆ. ನಗರದ ಸಿಬ್ಬಂದಿ ಮುಂದಿನ ವರ್ಷ ಯಾವ ಯಾವ ವಿಷಯಗಳನ್ನು ಆಳವಾಗಿ ಪರಿಶೀಲಿಸಬೇಕು ಅನ್ನುವ ಪಟ್ಟಿ ಅದು. ಜನ ವಿಷಯ ಸೂಚಿಸಬಹುದು, ಆದರೆ ಯಾವುದಾದರೂ ಕಮಿಷನ್ನೋ ಕೌನ್ಸಿಲ್ ಸದಸ್ಯರೋ ಅದನ್ನು ಕೈಗೆತ್ತಿಕೊಳ್ಳಬೇಕು. ಕಮಿಷನ್‌ಗಳು ತಮ್ಮ ಕ್ಷೇತ್ರದ ವಿಷಯಗಳನ್ನು ಮುಖ್ಯತೆಯ ಪ್ರಕಾರ ಸಾಲು ಹಾಕಿ ಕಳಿಸುತ್ತವೆ. ಹೊಸ ವರ್ಷದ ಆರಂಭದಲ್ಲಿ ಕೌನ್ಸಿಲ್ ಒಂದು ಇಡೀ ಸಭೆ ಇದಕ್ಕೇ ಇಟ್ಟು, ಯಾವುದು ಇರಬೇಕು, ಯಾವುದು ಬೇಡ ಅಂತ ಆರಿಸುತ್ತದೆ. ಹಣ, ಸಿಬ್ಬಂದಿ ಇರುವಷ್ಟು ವಿಷಯಗಳು ಮಾತ್ರ ಉಳಿಯುತ್ತವೆ. ಬಹಳಷ್ಟು ಬಿದ್ದುಹೋಗುತ್ತವೆ.

ನಿಲ್ದಾಣದಿಂದ ರೆಡ್‌ವುಡ್ ಚೌಕದವರೆಗೆ, ಅಲ್ಲಿಂದ ಸುತ್ತಲಿನ ಅಪಾರ್ಟ್‌ಮೆಂಟುಗಳವರೆಗೆ ಹಿರಿಯರಿಗೆ ಕೂರುವ ಜಾಗ, ನೆರಳು, ಕುಡಿಯುವ ನೀರು, ಶೌಚಾಲಯ ಎಲ್ಲೆಲ್ಲಿ ಇವೆ, ಎಲ್ಲೆಲ್ಲಿ ಇಲ್ಲ ಅಂತ ಒಂದು ಪುಟ ಬರೆದಿದ್ದೇನೆ. ಅಪ್ಪ ಮೈಸೂರಿನಿಂದ ಫೋನಿನಲ್ಲಿ ತಾವು ನಿಂತು ಸುಧಾರಿಸಿಕೊಳ್ಳುತ್ತಿದ್ದ ಜಾಗಗಳನ್ನೆಲ್ಲ ಒಂದೊಂದಾಗಿ ಹೇಳಿದರು, ನಾನು ನಕ್ಷೆಯಲ್ಲಿ ಗುರುತು ಹಾಕಿದೆ. ಇದನ್ನು ಪಾದಚಾರಿಗಳ ಕಮಿಷನ್‌ಗೆ ಕೊಡಬೇಕು. ಒಬ್ಬನೇ ಹೋದರೆ ಒಬ್ಬನ ಮನವಿ. ಇಲ್ಲಿ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಸಭಾಂಗಣ ತುಂಬುತ್ತದೆ. ಅವರಲ್ಲಿ ಹತ್ತು ಜನ ತಮ್ಮ ಅಪ್ಪ ಅಮ್ಮ ಎಲ್ಲಿ ಕೂರಲಾಗದೆ ವಾಪಸ್ ಬಂದರು ಅಂತ ಎರಡು ಸಾಲು ಬರೆದುಕೊಟ್ಟರೆ ಅರ್ಜಿಗೆ ಬಲ ಬರುತ್ತದೆ. ಈಗಾಗಲೇ ಪಕ್ಕದ ಮನೆಯ ಹುಬ್ಬಳ್ಳಿಯವರು, ಕೆಳಗಿನ ಮನೆಯ ತಮಿಳು ಕುಟುಂಬ ಬರೆದುಕೊಟ್ಟಿದ್ದಾರೆ. ನಿಮ್ಮ ಮಕ್ಕಳು ಸನ್ನಿವೇಲ್‌ನಲ್ಲಿ ಇದ್ದರೆ, ನೀವು ಬಂದಾಗ ಎಲ್ಲಿ ಕಷ್ಟವಾಯಿತು ಅನ್ನುವುದನ್ನು ಅವರಿಗೆ ಹೇಳಿ ಬರೆಸಿ. ಕನ್ನಡದಲ್ಲಿ ಬರೆದರೂ ಸರಿ, ಇಂಗ್ಲಿಷಿಗೆ ನಾನು ಮಾಡಿಕೊಡುತ್ತೇನೆ.